ಚಳಿಗಾಲದಲ್ಲಿ ಮನೆಯೊಳಗಿನ ಆರ್ಕಿಡ್: ಗಾಳಿಯ ತೇವ ಸಾಲದೋ, ನೀರೇ ಸರಿಯಿಲ್ಲವೋ?

ಶಿಕಾಗೋ ಕಿಟಕಿ | ಡಿಸೆಂಬರ್ 8

ಎಲ್ಲರಿಗೂ ನಮಸ್ಕಾರ. ಶಿಕಾಗೋ ನಗರದಿಂದ ಪಶ್ಚಿಮಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಊರಿನಲ್ಲಿ ನಮ್ಮ ಮನೆಯಿದೆ. ಕಳೆದ ಮೇ ತಿಂಗಳಲ್ಲಿ ಮೂರು ಫೆಲನಾಪ್ಸಿಸ್ ಜಾತಿಯ ಆರ್ಕಿಡ್ ಗಿಡಗಳನ್ನು ತಂದು, ಬೇಸಿಗೆಯುದ್ದಕ್ಕೂ ಮನೆಯ ಹಿಂದಿನ ಡೆಕ್ಕಿನ ನೆರಳಿನಲ್ಲಿ ಇಟ್ಟಿದ್ದೆ. ಆಗ ಅವು ನಳನಳಿಸುತ್ತಿದ್ದವು. ಸೆಪ್ಟೆಂಬರ್ ಕೊನೆಯಲ್ಲಿ ಒಳಗೆ ತಂದು ಪೂರ್ವದ ಕಿಟಕಿಯಲ್ಲಿ ಇಟ್ಟ ಮೇಲೆ ಎರಡು ಗಿಡಗಳಲ್ಲಿ ಹೂದಂಟು ಹೊರಟು ಮೊಗ್ಗು ಕೂಡ ಕಟ್ಟಿತ್ತು.

ನವೆಂಬರಿನಲ್ಲಿ ಮನೆಯ ಹೀಟರ್ ಶುರುವಾದ ನಂತರ ಎಲ್ಲವೂ ತಲೆಕೆಳಗಾಗಿದೆ. ಎಲೆಗಳು ಬಾಡಿ ಸುಕ್ಕುಗಟ್ಟಿವೆ, ಮೊಗ್ಗುಗಳು ಒಂದೊಂದಾಗಿ ಹಳದಿಯಾಗಿ ಉದುರುತ್ತಿವೆ, ಬೇರಿನ ತುದಿಗಳು ಕಂದಾಗಿವೆ. ತೇವಾಂಶ ಅಳೆಯುವ ಚಿಕ್ಕ ಮೀಟರು ತಂದು ನೋಡಿದರೆ ಶೇ. 22 ತೋರಿಸುತ್ತಿದೆ. ಕುಂಡಗಳ ಕೆಳಗೆ ಸ್ಟೀಲ್ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ ನೀರು ತುಂಬಿದ್ದೇನೆ, ಬೆಳಿಗ್ಗೆ ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸುತ್ತಿದ್ದೇನೆ. ವಾರಕ್ಕೆ ಎರಡು ಬಾರಿ ಅಡುಗೆಮನೆಯ ನಲ್ಲಿಯ ನೀರನ್ನು, ಕಿಟಕಿಯ ಹಲಗೆ ಒದ್ದೆಯಾಗದಂತೆ ಸ್ವಲ್ಪ ಸ್ವಲ್ಪವೇ ಹಾಕುತ್ತೇನೆ. ಇನ್ನು ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಯಂತ್ರ ಕೊಳ್ಳುವುದೊಂದೇ ಉಳಿದಿರುವ ದಾರಿ ಎನ್ನಿಸುತ್ತಿದೆ. ಎಷ್ಟು ದೊಡ್ಡದು ಬೇಕಾದೀತು ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಏಳನೇ ಮಹಡಿ | ಡಿಸೆಂಬರ್ 8

ಮೇಡಂ, ನಾನಿರುವುದು ಬೆಂಗಳೂರಿನಲ್ಲಿ. ಆದ್ದರಿಂದ ನಿಮ್ಮ ಚಳಿಯ ಅನುಭವ ನನಗಿಲ್ಲ. ನಮ್ಮಲ್ಲಿ ಗಾಳಿ ನಿಜವಾಗಿ ಒಣಗುವುದು ಡಿಸೆಂಬರಿನಲ್ಲಲ್ಲ, ಶಿವರಾತ್ರಿ ಕಳೆದ ಮೇಲೆ. ಮಾರ್ಚಿನ ಮಧ್ಯಾಹ್ನಗಳಲ್ಲಿ ನನ್ನ ಬಾಲ್ಕನಿಯ ಮೀಟರು ಶೇ. 25ಕ್ಕೂ ಇಳಿದದ್ದುಂಟು. ಕಲ್ಲಿನ ತಟ್ಟೆಯ ಬಗ್ಗೆ ಮಾತ್ರ ಒಂದು ಮಾತು. ಎರಡು ಮೀಟರುಗಳನ್ನಿಟ್ಟು ನಾನು ಪರೀಕ್ಷಿಸಿದಾಗ, ತಟ್ಟೆಯಿಂದ ನಾಲ್ಕು ಬೆರಳು ಮೇಲಕ್ಕೆ ಶೇ. 4ರಿಂದ 5ರಷ್ಟು ಹೆಚ್ಚಳ ಕಂಡಿತು, ಎಲೆಗಳ ಎತ್ತರದಲ್ಲಿ ಏನೂ ಕಾಣಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಅದು. ಕುಂಡದ ತಳ ನೀರಿಗೆ ತಾಗದಿದ್ದರೆ ಇಟ್ಟುಕೊಳ್ಳಿ, ಹಾನಿಯಿಲ್ಲ. ಹೆಚ್ಚಿನ ನಿರೀಕ್ಷೆ ಬೇಡ.

ಹಿಮದೂರು | ಡಿಸೆಂಬರ್ 9

ಮಿನಿಯಾಪೊಲಿಸ್‌ನಲ್ಲಿ ಹನ್ನೊಂದು ಚಳಿಗಾಲಗಳನ್ನು ಆರ್ಕಿಡ್‌ಗಳೊಂದಿಗೆ ಕಳೆದಿದ್ದೇನೆ. ಹ್ಯೂಮಿಡಿಫೈಯರಿನ ಅಳತೆ ಕೇಳುವ ಮೊದಲು, ಹೀಟರ್ ಇರುವ ಮನೆ ಏಕೆ ಒಣಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೈನಸ್ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 2.4 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 21 ಡಿಗ್ರಿಯಲ್ಲಿ ಅದೇ ಗಾಳಿಗೆ ಸುಮಾರು 18 ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ. ಹೊರಗಿನ ಗಾಳಿ ಸಂದುಗಳಿಂದ ಒಳನುಗ್ಗಿ ಬಿಸಿಯಾದಾಗ ಅದರಲ್ಲಿರುವ ನೀರು ಹೆಚ್ಚುವುದಿಲ್ಲ, ಬಾಯಾರಿಕೆ ಮಾತ್ರ ಹೆಚ್ಚುತ್ತದೆ; ಹೀಗಾಗಿ ಹೊರಗೆ ಶೇ. 100 ಇದ್ದ ತೇವಾಂಶ ಒಳಗೆ ಶೇ. 13ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಮೀಟರು 22 ತೋರಿಸುತ್ತಿರುವುದಕ್ಕೆ ಕುಕ್ಕರಿನ ಹಬೆ, ಸ್ನಾನ ಮತ್ತು ಮನೆಮಂದಿಯ ಉಸಿರಾಟ ಕಾರಣ.

ಈಗ 50 ಘನ ಮೀಟರಿನ ಒಂದು ಕೋಣೆಯನ್ನು ಶೇ. 50ರಲ್ಲಿ ನಿಲ್ಲಿಸಬೇಕೆಂದುಕೊಳ್ಳಿ. ಎರಡು ಗಂಟೆಗೊಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾಗುತ್ತದೆಂದರೂ ದಿನಕ್ಕೆ ಸುಮಾರು ನಾಲ್ಕು ಲೀಟರ್ ನೀರನ್ನು ಆವಿ ಮಾಡಬೇಕಾಗುತ್ತದೆ. ಮಾಡಿದಿರಿ ಎನ್ನೋಣ; ಆ ಆವಿಯಲ್ಲಿ ಒಂದು ಪಾಲು ತಣ್ಣನೆಯ ಕಿಟಕಿಯ ಗಾಜಿನ ಮೇಲೆ ಹನಿಗಟ್ಟಿ, ಮರದ ಚೌಕಟ್ಟಿಗೆ ಇಳಿದು, ಬೂಷ್ಟು ಹಿಡಿಸುತ್ತದೆ. ಹೊರಗೆ ಮೈನಸ್ 10 ಇರುವಾಗ ಎರಡು ಪದರದ ಗಾಜಿನ ಕಿಟಕಿಯಿರುವ ಮನೆಯಲ್ಲಿ ಶೇ. 35 ದಾಟುವುದು ಕ್ಷೇಮವಲ್ಲ. ಆದ್ದರಿಂದ ಮನೆಯನ್ನೆಲ್ಲ ಕಾಡು ಮಾಡುವ ಆಸೆಯನ್ನು ನಾನು ಎರಡನೇ ವರ್ಷವೇ ಬಿಟ್ಟೆ. ಗಾಜಿನ ಬಾಗಿಲಿನ ಒಂದು ಬೀರುವಿನೊಳಗೆ ಎಲ್‌ಇಡಿ ದೀಪ, ಕಂಪ್ಯೂಟರಿನ ಎರಡು ಪುಟ್ಟ ಫ್ಯಾನುಗಳು ಮತ್ತು ತಳದಲ್ಲಿ ಒಂದು ತಟ್ಟೆ ನೀರು ಇಟ್ಟಿದ್ದೇನೆ. ಮುಚ್ಚಿದ ಜಾಗವಾದ್ದರಿಂದ ಅಲ್ಲಿ ಆ ತಟ್ಟೆಯೇ ಸಾಕಾಗಿ ಶೇ. 60 ನಿಲ್ಲುತ್ತದೆ. ಫ್ಯಾನು ಇಲ್ಲದೆ ಮಾತ್ರ ಈ ಕೆಲಸ ಮಾಡಬೇಡಿ, ಗಾಳಿಯಾಡದ ತೇವದಲ್ಲಿ ಎಲೆಗಳು ಕೊಳೆಯುತ್ತವೆ.

ನನ್ನದೂ ಎರಡು ಪ್ರಶ್ನೆಗಳಿವೆ. ಇಲ್ಲಿನ ಮನೆಗಳಲ್ಲಿ ಬಿಸಿಗಾಳಿಯ ಕಂಡಿಯನ್ನು ಸಾಮಾನ್ಯವಾಗಿ ಕಿಟಕಿಯ ನೇರ ಕೆಳಗೇ ಇಡುತ್ತಾರೆ. ನಿಮ್ಮ ಗಿಡಗಳು ಅದರ ಮೇಲೆ ಕೂತಿವೆಯೇ? ಹತ್ತಿರದಲ್ಲಿ ಬಾಳೆಹಣ್ಣಿನ ಬುಟ್ಟಿ ಇದೆಯೇ? ಮಾಗುವ ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಆರ್ಕಿಡ್ ಮೊಗ್ಗುಗಳು ಉದುರುತ್ತವೆ.

ನೀರು ಪರೀಕ್ಷಕ | ಡಿಸೆಂಬರ್ 9

ಮೈಸೂರಿನವನು, ನೀರಿನ ಪರೀಕ್ಷಾಲಯದಲ್ಲಿ ದುಡಿದು ನಿವೃತ್ತನಾದವನು. ಹಿಮದೂರು ಅವರ ಲೆಕ್ಕ ಸರಿಯಾಗಿದೆ. ಆದರೆ ಇಲ್ಲಿಯವರೆಗೆ ಎಲ್ಲರೂ ಗಾಳಿಯ ಮಾತನ್ನೇ ಆಡಿದ್ದಾರೆ, ನೀರಿನ ಮಾತನ್ನು ಯಾರೂ ಎತ್ತಿಲ್ಲ. ಒಣಗಾಳಿಯಿಂದ ಮೊಗ್ಗು ಉದುರುವುದು, ಎಲೆಯ ತುದಿ ಒಣಗುವುದು ಸಹಜವೇ. ಆದರೆ ಕುಂಡದೊಳಗೆ ಒದ್ದೆಯಲ್ಲಿರುವ ಬೇರಿನ ತುದಿ ಕಂದಾಗುವುದಕ್ಕೆ ಕೋಣೆಯ ಗಾಳಿ ಕಾರಣವಾಗಲಾರದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವಂತಾಗಬಾರದು.

ಬೇಸಿಗೆಯಲ್ಲಿ ಗಿಡಗಳು ಹೊರಗಿದ್ದವು ಎಂದಿದ್ದೀರಿ. ಆಗ ಅವುಗಳ ಮೇಲೆ ಮಳೆ ಬೀಳುತ್ತಿತ್ತೇ? ನಿಮ್ಮ ಊರಿಗೆ ಮಿಷಿಗನ್ ಸರೋವರದ ನೀರು ಬರುತ್ತದೆಯೋ, ಆಳದ ಕೊಳವೆಬಾವಿಯದೋ? ಮನೆಯಲ್ಲಿ ಗಡಸು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಯಂತ್ರವಿದೆಯೇ? ಸಾಧ್ಯವಾದರೆ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಅಳೆದು ತಿಳಿಸಿ.

ಶಿಕಾಗೋ ಕಿಟಕಿ | ಡಿಸೆಂಬರ್ 12

ಎಲ್ಲರಿಗೂ ಧನ್ಯವಾದಗಳು. ಒಂದೊಂದಾಗಿ ಒಪ್ಪಿಸುತ್ತೇನೆ. ಬಿಸಿಗಾಳಿಯ ಕಂಡಿ ಕಿಟಕಿಯ ಕೆಳಗೇ ಇದೆ, ಗಿಡಗಳನ್ನು ಅಲ್ಲಿಂದ ಎರಡು ಮೀಟರು ಸರಿಸಿದ್ದೇನೆ. ಬಾಳೆಹಣ್ಣು ದೇವರ ಮುಂದೆ, ಅಂದರೆ ಅದೇ ಕಿಟಕಿಯ ಪಕ್ಕದಲ್ಲೇ ಇರುತ್ತಿತ್ತು. ಈಗ ನೈವೇದ್ಯ ಮುಗಿದೊಡನೆ ಅಡುಗೆಮನೆಗೆ ಹೋಗುತ್ತದೆ.

ನಮ್ಮ ಊರಿನದು ಕೊಳವೆಬಾವಿಯ ನೀರು. ಹೌದು, ನೆಲಮಾಳಿಗೆಯಲ್ಲಿ ಸಾಫ್ಟ್‌ನರ್ ಇದೆ. ತಿಂಗಳಿಗೊಮ್ಮೆ ಅದಕ್ಕೆ ಉಪ್ಪಿನ ಚೀಲ ಸುರಿಯುವುದು ನಮ್ಮ ಯಜಮಾನರ ಕೆಲಸ. ಬೇಸಿಗೆಯಲ್ಲಿ ಮಳೆ ಬೀಳುತ್ತಿತ್ತು, ಮಳೆಯಿಲ್ಲದಾಗ ಅಂಗಳದ ನಲ್ಲಿಯ ಪೈಪಿನಿಂದ ಹಾಕುತ್ತಿದ್ದೆ. ಟಿಡಿಎಸ್ ಮೀಟರು ತರಿಸಿ ಅಳೆದಾಗ ಯಂತ್ರಕ್ಕೆ ಹೋಗುವ ಮುಂಚಿನ ನೀರು 510 ಪಿಪಿಎಂ (ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ), ಅಡುಗೆಮನೆಯ ನಲ್ಲಿಯದು 530 ಬಂತು. ಹಾಗಾದರೆ ಯಂತ್ರ ಕೆಲಸವನ್ನೇ ಮಾಡುತ್ತಿಲ್ಲವೇ?

ಒಂದು ಗಿಡವನ್ನು ಕುಂಡದಿಂದ ಬಿಡಿಸಿ ನೋಡಿದೆ. ಬೇರುಗಳಲ್ಲಿ ಅರ್ಧಕ್ಕೂ ಹೆಚ್ಚು ಟೊಳ್ಳಾಗಿ, ಬೆರಳಿನಲ್ಲಿ ಎಳೆದರೆ ಹೊರಗಿನ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಕುಂಡದಲ್ಲಿ ಮಣ್ಣಿನ ಬದಲು ತುಂಬಿರುವ ತೊಗಟೆಚೂರುಗಳ ಮೇಲೆ ಬಿಳಿಯ ಪುಡಿ ಕಟ್ಟಿತ್ತು. ಬೂಷ್ಟು ಎಂದುಕೊಂಡಿದ್ದೆ, ಮುಟ್ಟಿದರೆ ಹರಳುಹರಳಾಗಿದೆ.

ನೀರು ಪರೀಕ್ಷಕ | ಡಿಸೆಂಬರ್ 13

ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಮೇಡಂ. ಸಾಫ್ಟ್‌ನರ್ ನೀರಿನಿಂದ ಲವಣವನ್ನು ತೆಗೆಯುವುದಿಲ್ಲ, ಅದಲುಬದಲು ಮಾಡುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ತನ್ನಲ್ಲಿರುವ ರಾಳದ ಮಣಿಗಳಲ್ಲಿ ಹಿಡಿದುಕೊಂಡು, ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ. ಅದಕ್ಕೇ ಟಿಡಿಎಸ್ ಇಳಿಯುವುದಿಲ್ಲ. ಲೀಟರಿಗೆ 400 ಮಿಲಿಗ್ರಾಂ ಗಡಸುತನವಿರುವ ನೀರು ಈ ಯಂತ್ರ ದಾಟಿ ಬಂದಾಗ ಅದಕ್ಕೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ಬಟ್ಟೆಗೆ, ಬಾಯ್ಲರಿಗೆ, ತೊಗರಿಬೇಳೆ ಬೇಯುವುದಕ್ಕೆ ಇದು ಒಳ್ಳೆಯದು, ಆರ್ಕಿಡಿಗೆ ವಿಷ. ಗಡಸು ನೀರಿನ ಕ್ಯಾಲ್ಸಿಯಂ ಅತಿಯಾದರೂ ಗಿಡಕ್ಕೆ ಅದರಿಂದ ಒಂದಿಷ್ಟು ಉಪಯೋಗವುಂಟು. ಸೋಡಿಯಂನಿಂದ ಆಗಬೇಕಾದ್ದು ಏನೂ ಇಲ್ಲ.

ಆರ್ಕಿಡ್ ಬೇರಿಗೆ ವೆಲಮೆನ್ ಎಂಬ ಸ್ಪಂಜಿನಂಥ ಹೊದಿಕೆಯಿರುತ್ತದೆ. ಒಣಗಿದಾಗ ಬೆಳ್ಳಿಯಂತೆ ಬೆಳ್ಳಗೆ, ನೆನೆದಾಗ ಒಳಗಿನ ಹಸಿರು ಕಾಣುವಂತೆ. ಕಾಡಿನಲ್ಲಿ ಮರದ ಕೊಂಬೆಯ ಮೇಲೆ ಇಳಿಯುವ ಮಳೆನೀರನ್ನು ಕೆಲವೇ ಕ್ಷಣಗಳಲ್ಲಿ ಹೀರಿಕೊಳ್ಳಲು ಆದ ರಚನೆ ಅದು. ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಅಂಥ ಬೇರಿನ ಸುತ್ತ ಉಪ್ಪು ಸೇರಿದರೆ ಅದು ನೀರನ್ನು ಒಳಗೆಳೆದುಕೊಳ್ಳಲಾರದೆ, ಒದ್ದೆ ಕುಂಡದಲ್ಲಿದ್ದೂ ಬಾಯಾರಿ ಸಾಯುತ್ತದೆ. ನಿಮ್ಮ ಗಿಡದ ಎಲೆ ಸುಕ್ಕಾದದ್ದಕ್ಕೆ ನನ್ನ ಮಟ್ಟಿಗೆ ಇದೇ ಮುಖ್ಯ ಕಾರಣ, ಒಣಗಾಳಿ ಅದನ್ನು ಬೇಗ ಬಯಲಿಗೆ ತಂದಿತು ಅಷ್ಟೇ.

ಇನ್ನೊಂದು ವಿಷಯ. ತಳದಿಂದ ನೀರು ಹರಿದುಹೋಗದಂತೆ ಸ್ವಲ್ಪವೇ ಹಾಕುತ್ತಿದ್ದೆ ಎಂದಿರಿ. ಕುಂಡಕ್ಕೆ ಒಂದು ಸಲಕ್ಕೆ 100 ಮಿಲಿಲೀಟರಿನಂತೆ ವಾರಕ್ಕೆರಡು ಬಾರಿ ಹಾಕಿದರೆ ಹತ್ತು ವಾರಕ್ಕೆ ಎರಡು ಲೀಟರ್. ನೀರು ಆವಿಯಾಗಿ ಹೋಯಿತು, ಅದರಲ್ಲಿದ್ದ ಒಂದು ಗ್ರಾಂ ಲವಣ ಕುಂಡದಲ್ಲೇ ಉಳಿಯಿತು. ಆ ತೊಗಟೆ ಒಂದು ಸಲಕ್ಕೆ ಹಿಡಿದುಕೊಳ್ಳುವ ನೀರೇ 100 ಮಿಲಿಲೀಟರ್ ಎಂದಾದರೆ, ಬೇರುಗಳು ನಾವು ಉಣ್ಣುವ ಸಾರಿನಷ್ಟು ಉಪ್ಪಾದ ನೀರಿನಲ್ಲಿ ನಿಂತಿವೆ ಎಂದಾಯಿತು. ಅಂಗಳದ ನಲ್ಲಿಗೆ ಸಾಮಾನ್ಯವಾಗಿ ಸಾಫ್ಟ್‌ನರ್ ದಾಟದ ನೀರು ಬರುತ್ತದೆ, ಮೇಲಿನಿಂದ ಮಳೆಯೂ ತೊಳೆಯುತ್ತಿತ್ತು. ಬೇಸಿಗೆಯಲ್ಲಿ ಗಿಡ ಚೆನ್ನಾಗಿದ್ದುದರ ಗುಟ್ಟು ಅದು.

ಏಳನೇ ಮಹಡಿ | ಡಿಸೆಂಬರ್ 13

ಸರ್, ಇದನ್ನು ಓದಿ ನನಗೆ ನನ್ನದೇ ಹಳೆಯ ಲೆಕ್ಕ ಬಗೆಹರಿಯಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಬೆರೆತು ಬರುತ್ತದೆ, ಸಂಘದವರು ನೆಲಮಟ್ಟದ ತೊಟ್ಟಿಯ ಬಳಿ ದೊಡ್ಡ ಸಾಫ್ಟ್‌ನರ್ ಹಾಕಿಸಿದ್ದಾರೆ. ಅದು ಬಂದ ವರ್ಷ ಎಲ್ಲರೂ ಸೋಪಿನಲ್ಲಿ ನೊರೆ ಬರುತ್ತಿದೆ ಎಂದು ಹಿಗ್ಗಿದರು. ನನ್ನ ನಾಲ್ಕು ಡೆಂಡ್ರೋಬಿಯಂ ಆರ್ಕಿಡ್‌ಗಳು ಸತ್ತುಹೋದವು. ಬೆಂಗಳೂರಿನ ಹವೆಯನ್ನು ಬೈದುಕೊಂಡು ಸುಮ್ಮನಾಗಿದ್ದೆ.

ಈಗ ನಾನು ಕುಡಿಯುವ ಆರ್‌ಒ ನೀರನ್ನು ಹಾಕುತ್ತೇನೆ, ಅದರ ಟಿಡಿಎಸ್ 30. ಇಲ್ಲಿನ ಓದುಗರಿಗೆ ಒಂದು ಎಚ್ಚರಿಕೆ: ಆರ್‌ಒ ಯಂತ್ರದ ತ್ಯಾಜ್ಯ ನೀರು ವ್ಯರ್ಥವಾಗಬಾರದೆಂದು ಬಹಳ ಮಂದಿ ಅದನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಾರೆ. ತೆಗೆದ ಲವಣವೆಲ್ಲ ಸೇರಿರುವುದು ಅದರಲ್ಲೇ. ನೆಲ ಒರೆಸಲು ಅದು ಸರಿ.

ಹೊಸ ಕುಂಡ | ಡಿಸೆಂಬರ್ 14

ನಾನು ಹೊಸಬಳು, ದಡ್ಡ ಪ್ರಶ್ನೆಯಾದರೆ ಕ್ಷಮಿಸಿ. ನೀರನ್ನು ಕುದಿಸಿ ಆರಿಸಿ ಹಾಕಿದರೆ ಸಾಲದೇ? ರಾತ್ರಿಯಿಡೀ ಬಕೆಟ್ಟಿನಲ್ಲಿ ಇಟ್ಟರೆ ಕ್ಲೋರಿನ್ ಹೋಗುತ್ತದೆ ಎನ್ನುತ್ತಾರಲ್ಲ? ವಾರಕ್ಕೆ ಮೂರು ಮಂಜುಗಡ್ಡೆಯ ತುಂಡು ಇಟ್ಟರೆ ಸಾಕು ಎಂದು ನನ್ನ ಕುಂಡದ ಚೀಟಿಯಲ್ಲೇ ಬರೆದಿದೆ.

ನೀರು ಪರೀಕ್ಷಕ | ಡಿಸೆಂಬರ್ 14

ದಡ್ಡ ಪ್ರಶ್ನೆಯೇನಲ್ಲ, ತಾಯಿ. ಕುದಿಸಿದಾಗ ಬೈಕಾರ್ಬೊನೇಟಿನಿಂದಾದ ಗಡಸುತನ ಮಾತ್ರ ಸುಣ್ಣವಾಗಿ ತಳಕ್ಕಿಳಿಯುತ್ತದೆ. ಸ್ನಾನದ ಹಂಡೆಯ ಒಳಗೆ ಕಟ್ಟುವ ಪೊರೆ ಅದೇ. ಸೋಡಿಯಂ ಎಲ್ಲಿಗೂ ಹೋಗುವುದಿಲ್ಲ. ನೀರು ಇಂಗಿದಷ್ಟೂ ಗಾಢವಾಗುತ್ತದೆ. ರಾತ್ರಿಯಿಡೀ ಇಟ್ಟರೆ ಕ್ಲೋರಿನ್ ಹಾರಿಹೋಗುವುದು ನಿಜ. ಕೆಲವು ನಗರಗಳಲ್ಲಿ ಕ್ಲೋರಿನ್ ಬದಲು ಬಳಸುವ ಕ್ಲೋರಮಿನ್ ಹಾಗೆ ಹೋಗುವುದಿಲ್ಲ. ಆದರೆ ಕುಡಿಯುವ ನೀರಿನಲ್ಲಿರುವಷ್ಟು ಪ್ರಮಾಣಕ್ಕೆ ಆರ್ಕಿಡ್ ಕೆಡುವುದಿಲ್ಲ. ನೀರನ್ನು ಇಟ್ಟು ಹಾಕುವುದರ ನಿಜವಾದ ಲಾಭ ಬೇರೆ: ಅದು ಕೋಣೆಯ ಉಷ್ಣಕ್ಕೆ ಬರುತ್ತದೆ.

ಹಿಮದೂರು | ಡಿಸೆಂಬರ್ 14

ಮಂಜುಗಡ್ಡೆಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಅದನ್ನು ಬಹಳ ವರ್ಷ ಗೇಲಿ ಮಾಡಿದವರಲ್ಲಿ ನಾನೂ ಒಬ್ಬ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರೂ ಸೇರಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ತೊಗಟೆಯಲ್ಲಿ ಬೆಳೆದ ಫೆಲನಾಪ್ಸಿಸ್‌ಗಳಿಗೆ ಮಂಜುಗಡ್ಡೆಯಿಂದ ನೀರುಣಿಸಿದಾಗ ಹೂವುಗಳ ಬಾಳಿಕೆ ಕಡಿಮೆಯಾಗಲಿಲ್ಲ ಎಂದು ತೋರಿಸಿತು. ಆದ್ದರಿಂದ ಮಂಜುಗಡ್ಡೆ ಬೇರನ್ನು ಕೊಲ್ಲುತ್ತದೆ ಎಂಬ ಮಾತನ್ನು ನಾನು ಬಿಟ್ಟಿದ್ದೇನೆ. ನನ್ನ ತಕರಾರು ಈಗ ಬೇರೆಯದು: ಮೂರು ತುಂಡು ಕರಗಿ ಇಳಿಯುವ ನೀರು ಕುಂಡವನ್ನು ತೊಳೆಯುವುದಿಲ್ಲ, ಲವಣ ಒಳಗೇ ಉಳಿಯುತ್ತದೆ. ನೀರು ಒಳ್ಳೆಯದಾಗಿದ್ದು, ತಿಂಗಳಿಗೊಮ್ಮೆ ಧಾರಾಳವಾಗಿ ತೊಳೆಯುವವರಿಗೆ ಅದು ಸರಿಹೋದೀತು.

ಎಲೆಗಳ ಮೇಲೆ ಮಾತ್ರ ತಣ್ಣೀರು ಬೀಳಬಾರದು. ಜನವರಿಯಲ್ಲಿ ನಲ್ಲಿಯಿಂದ ನೇರವಾಗಿ ಹಿಡಿದ ನೀರು ಬಿದ್ದು ನನ್ನ ಒಂದು ಗಿಡದ ಎಲೆಯಲ್ಲಿ ಗುಳಿಗುಳಿ ಬಿದ್ದಿತು. ಆ ಗುಳಿ ಕಾಣಿಸಿಕೊಂಡದ್ದು ವಾರಗಳ ನಂತರವಾದ್ದರಿಂದ ಕಾರಣ ಹೊಳೆಯಲು ತಡವಾಯಿತು.

ಸೀತಾಳೆ ದಂಡೆ | ಡಿಸೆಂಬರ್ 16

ಶಿರಸಿಯ ಕಡೆಯವಳು. ಅಡಿಕೆ ತೋಟದ ಅಂಚಿನ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ತಾನಾಗಿಯೇ ಬೆಳೆಯುವ ಮನೆಯಲ್ಲಿ ಹುಟ್ಟಿದವಳಾದ್ದರಿಂದ ಈ ಚರ್ಚೆಯಲ್ಲಿ ನನ್ನದೂ ಒಂದು ಭಿನ್ನಾಭಿಪ್ರಾಯ. ನೀರು ಚಿಮುಕಿಸುವುದು ದಂಡವೆಂದು ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ಮಳೆಯಿಲ್ಲದೆ ಈ ಗಿಡಗಳು ಬದುಕುವುದು ಬಹುಮಟ್ಟಿಗೆ ಇಬ್ಬನಿಯ ಮೇಲೆ. ಬೆಳಗಿನ ಜಾವ ಬೇರುಗಳೆಲ್ಲ ತೊಯ್ದು ಹಸಿರಾಗಿರುತ್ತವೆ. ಹತ್ತು ಗಂಟೆಯ ಬಿಸಿಲಿಗೆ ಮತ್ತೆ ಬೆಳ್ಳಗಾಗುತ್ತವೆ.

ಆದರೆ ಅಲ್ಲಿ ಬಿಸಿಲಿದೆ, ಗಾಳಿಯಿದೆ, ಗಿಡ ಕೊಂಬೆಯಿಂದ ಓರೆಯಾಗಿ ಜೋಲುವುದರಿಂದ ಸುಳಿಯಲ್ಲಿ ನೀರು ನಿಲ್ಲುವುದಿಲ್ಲ. ಕುಂಡದಲ್ಲಿ ನೆಟ್ಟಗೆ ಕೂತ ಫೆಲನಾಪ್ಸಿಸ್‌ನ ಸುಳಿಗೆ ಸಂಜೆ ನೀರು ಚಿಮುಕಿಸಿ ಚಳಿಯ ರಾತ್ರಿಗೆ ಬಿಟ್ಟರೆ ಸುಳಿಕೊಳೆ ಬರುವುದು ಖಂಡಿತ. ಆದ್ದರಿಂದ ಚಿಮುಕಿಸುವುದಾದರೆ ಬೆಳಿಗ್ಗೆ, ಹೊರಗೆ ಚಾಚಿದ ಬೇರುಗಳಿಗೆ ಮಾತ್ರ. ಸುಳಿಯಲ್ಲಿ ನಿಂತ ಹನಿಯನ್ನು ಬಟ್ಟೆಯ ತುದಿಯಿಂದ ಹೀರಿ ತೆಗೆಯಿರಿ.

ಜಾತಿಯನ್ನು ನೋಡದೆ ಚಳಿಗಾಲದ ನೀರಿನ ನಿಯಮ ಹೇಳುವುದೂ ಸರಿಯಲ್ಲ. ನಮ್ಮ ಘಟ್ಟದ ಕೆಲವು ಡೆಂಡ್ರೋಬಿಯಂಗಳು ಈ ಕಾಲದಲ್ಲಿ ಎಲೆಯುದುರಿಸಿ, ದಪ್ಪ ಕಾಂಡದಲ್ಲಿ ಕೂಡಿಟ್ಟ ನೀರಿನಿಂದಲೇ ಬದುಕಿ, ಬರಿಯ ಕಾಂಡದ ಮೇಲೆ ಹೂ ಬಿಡುತ್ತವೆ. ಡೆಂಡ್ರೋಬಿಯಂಗಳಲ್ಲೇ ನೊಬಿಲೆ ಎಂಬ ಗುಂಪಿನವಕ್ಕೆ ಚಳಿಗಾಲದಲ್ಲಿ ಧಾರಾಳ ನೀರು ಹಾಕಿದರೆ ಹೂವಿನ ಬದಲು ಮರಿಗಿಡ ಒಡೆಯುತ್ತವೆ. ಫೆಲನಾಪ್ಸಿಸ್‌ಗೆ ಅಂಥ ಕಾಂಡದ ಉಗ್ರಾಣವಿಲ್ಲ. ಅದನ್ನು ಪೂರ್ತಿ ಒಣಗಿಸಿ ಮಲಗಿಸಲಾಗದು. (ಇದನ್ನು ಓದಿ ಯಾರೂ ಕಾಡಿನ ದಂಡೆ ಕಿತ್ತು ತರಬೇಡಿ. ತಂದವುಗಳಲ್ಲಿ ಹೆಚ್ಚಿನವು ಪೇಟೆಯ ಮನೆಯಲ್ಲಿ ವರ್ಷ ತುಂಬುವ ಮೊದಲೇ ಸತ್ತದ್ದನ್ನು ಕಂಡಿದ್ದೇನೆ.)

ಶಿಕಾಗೋ ಕಿಟಕಿ | ಡಿಸೆಂಬರ್ 17

ನಾಳೆಯೇ ಮೂರನ್ನೂ ಬಿಡಿಸಿ, ಸತ್ತ ಬೇರು ಕತ್ತರಿಸಿ, ಹೊಸ ತೊಗಟೆಗೆ ಹಾಕುತ್ತೇನೆ. ಆದರೆ ನೀರು ಎಲ್ಲಿಂದ ತರಲಿ? ಅಂಗಳದ ನಲ್ಲಿಯನ್ನು ಪೈಪು ಹೆಪ್ಪುಗಟ್ಟಿ ಒಡೆಯದಿರಲೆಂದು ಮುಚ್ಚಿದ್ದೇವೆ. ಸಾಫ್ಟ್‌ನರ್ ದಾಟಿದ ನೀರನ್ನೇ ಆರ್‌ಒ ಯಂತ್ರಕ್ಕೆ ಕೊಡಬಹುದೇ?

ನೀರು ಪರೀಕ್ಷಕ | ಡಿಸೆಂಬರ್ 17

ಖಂಡಿತ ಕೊಡಬಹುದು. ಆರ್‌ಒ ಪೊರೆ ಸೋಡಿಯಂ ಅನ್ನೂ ತಡೆಯುತ್ತದೆ. ಸುಣ್ಣ ಕಟ್ಟದ ನೀರಾದ್ದರಿಂದ ಪೊರೆಯ ಆಯುಷ್ಯವೂ ಹೆಚ್ಚು. ಆದರೆ ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಇಲ್ಲವೆನ್ನುವಷ್ಟೇ ಇರುವುದರಿಂದ ಅವೆರಡೂ ಸೇರಿರುವ ಗೊಬ್ಬರ ಬೇಕಾಗುತ್ತದೆ, ಅದೂ ಪೊಟ್ಟಣದಲ್ಲಿ ಬರೆದ ಪ್ರಮಾಣದ ಕಾಲು ಭಾಗ. ಇಲ್ಲವಾದರೆ ನೆಲಮಾಳಿಗೆಯಲ್ಲಿ ಸಾಫ್ಟ್‌ನರಿಗಿಂತ ಮುಂಚೆ ಇರುವ ನಲ್ಲಿಯಿಂದ ಒಂದು ಪಾಲು ಹಿಡಿದು ನಾಲ್ಕು ಪಾಲು ಆರ್‌ಒ ನೀರಿಗೆ ಬೆರೆಸಿ. 510 ಮತ್ತು 30 ಬೆರೆತು ಸುಮಾರು 126 ಆಗುತ್ತದೆ, ಕ್ಯಾಲ್ಸಿಯಂ ಕೂಡ ಬಂದಂತಾಯಿತು. ಯಂತ್ರ ಬರುವವರೆಗೆ ನಿಮ್ಮ ಅಂಗಳದಲ್ಲೇ ಬೇಕಾದಷ್ಟು ಮೆದುನೀರು ಬಿದ್ದಿದೆಯಲ್ಲ, ರಸ್ತೆಗೆ ಉಪ್ಪು ಸುರಿಯುವ ಕಡೆ ಬಿಟ್ಟು ಹಿತ್ತಲಿನ ಹಿಮವನ್ನು ತುಂಬಿ ತನ್ನಿ.

ದಿನ ಎಣಿಸಿ ನೀರು ಹಾಕುವುದನ್ನು ಬಿಡಿ. ಕುಂಡದ ನಡುವೆ ಬಿದಿರಿನ ಕಡ್ಡಿ ಚುಚ್ಚಿಟ್ಟು, ಎಳೆದಾಗ ಅದು ಬಹುತೇಕ ಒಣಗಿದ್ದರೆ ಮಾತ್ರ ಹಾಕಿ. ಹಾಕುವಾಗ ಸಿಂಕಿನಲ್ಲಿಟ್ಟು ತಳದಿಂದ ಧಾರಾಳವಾಗಿ ಹರಿಯುವಷ್ಟು ಹಾಕಿ.

ಶಿಕಾಗೋ ಕಿಟಕಿ | ಫೆಬ್ರವರಿ 21

ಎರಡು ತಿಂಗಳ ವರದಿ. ಮೂರರಲ್ಲಿ ಒಂದು ಗಿಡ ಉಳಿಯಲಿಲ್ಲ, ಬೇರು ಒಂದೂ ಬದುಕಿರಲಿಲ್ಲ. ಉಳಿದ ಎರಡರ ಹೂದಂಟುಗಳನ್ನು ಕತ್ತರಿಸಿಬಿಟ್ಟೆ.

ಮೊದಲ ಎರಡು ವಾರ ಹಿಮ ಕರಗಿಸಿದೆ. ಒಂದು ಬಕೆಟ್ ಹಿಮ ಕರಗಿದರೆ ತಳದಲ್ಲಿ ಒಂದು ತಂಬಿಗೆಯಷ್ಟು ನೀರು ಉಳಿಯುತ್ತದೆ ಎಂಬುದು ಗೊತ್ತಿರಲಿಲ್ಲ, ಮನೆಯವರೆಲ್ಲ ನಕ್ಕರು. ಆ ನೀರಿನ ಟಿಡಿಎಸ್ 9 ಬಂತು. ಜನವರಿಯಲ್ಲಿ ಆರ್‌ಒ ಹಾಕಿಸಿದೆವು, ಈಗ ಬೆರೆಸಿದ ನೀರು 130ರ ಆಸುಪಾಸಿನಲ್ಲಿದೆ. ಹ್ಯೂಮಿಡಿಫೈಯರನ್ನೂ ತಂದೆ, ಬತ್ತಿಯಿಂದ ನೀರು ಹೀರಿ ಆವಿ ಮಾಡುವ ಚಿಕ್ಕದು. ಮಂಜಿನಂತೆ ನೀರು ಉಗುಳುವ ಅಲ್ಟ್ರಾಸೋನಿಕ್ ಬಗೆಯದರಲ್ಲಿ ನಮ್ಮ ನಲ್ಲಿಯ ನೀರು ಹಾಕಿದರೆ ಆ ಲವಣವೆಲ್ಲ ಬಿಳಿ ಧೂಳಾಗಿ ಎಲೆಗಳ ಮೇಲೆ, ಟಿವಿಯ ಮೇಲೆ ಕೂರುತ್ತದೆ ಎಂದು ಪರಿಚಯದವರು ಮೊದಲೇ ಎಚ್ಚರಿಸಿದ್ದರು. ಕೋಣೆಯಲ್ಲಿ ಶೇ. 35ಕ್ಕಿಂತ ಹೆಚ್ಚು ಎಂದೂ ಏರಿಸಿಲ್ಲ. ಅಷ್ಟರಲ್ಲೇ ಎರಡೂ ಗಿಡಗಳ ಎಲೆ ಗಟ್ಟಿಯಾಗಿದೆ, ದೊಡ್ಡ ಗಿಡದ ಬುಡದಲ್ಲಿ ಹಸಿರು ತುದಿಯ ಮೂರು ಹೊಸ ಬೇರುಗಳು ಹೊರಟಿವೆ.

ಮಾಡಿನ ನೀರು ಇಳಿಯುವ ಕೊಳವೆಗೆ ಜೋಡಿಸಲು 200 ಲೀಟರಿನ ಒಂದು ಪೀಪಾಯಿಯನ್ನೂ ತರಿಸಿದ್ದೇನೆ. ಹಿಮ ಕರಗಿದ ಮೇಲೆ ಕೂರಿಸಬೇಕು.

ನೀರು ಪರೀಕ್ಷಕ | ಫೆಬ್ರವರಿ 22

ಬಹಳ ಸಂತೋಷ. ಪೀಪಾಯಿಯ ಬಾಯಿಗೆ ಸೊಳ್ಳೆ ಹೋಗದಂಥ ಜಾಲರಿ ಕಟ್ಟಿಸಿ, ಮೊದಲ ಮಳೆಯ ನೀರನ್ನು ಮಾಡಿನ ಕಸ ತೊಳೆದುಹೋಗಲು ಹೊರಗೆ ಬಿಟ್ಟುಬಿಡಿ. ಆಮೇಲೆ ಹಿಡಿದ ನೀರಿನ ಟಿಡಿಎಸ್ ಎಷ್ಟು ಬಂತೆಂದು ಇಲ್ಲಿಯೇ ಬರೆಯಿರಿ.